ಮೌಯಿಯಲ್ಲಿ ಕಾಂಡೋ: ಖಾಲಿ ರಾತ್ರಿ ಹುಡುಕಿ ಮಾಲೀಕರಿಂದಲೇ ಪಡೆದ ಬಗೆ

ಸಮುದ್ರ ಎದುರಿಗೇ ಕಾಣುವ, ಪೂರ್ತಿ ಅಡುಗೆಮನೆಯಿರುವ ಒಂದು ಬೆಡ್‌ರೂಮಿನ ಕಾಂಡೋ, ಅಂದರೆ ದೊಡ್ಡ ಕಾಂಪ್ಲೆಕ್ಸ್‌ನಲ್ಲಿ ಒಬ್ಬ ಮಾಲೀಕರದಾದ ಫ್ಲ್ಯಾಟ್. ಆರು ರಾತ್ರಿಗೆ ತೆರಿಗೆ, ಕ್ಲೀನಿಂಗ್ ಎಲ್ಲ ಸೇರಿ ಸುಮಾರು 1,850 ಡಾಲರ್. ಹವಾಯಿಯ ಮೌಯಿ ದ್ವೀಪದಲ್ಲಿ ಆ ದುಡ್ಡಿಗೆ ರಸ್ತೆಬದಿಯ ಸ್ಟುಡಿಯೋ ಸಿಕ್ಕರೆ ಹೆಚ್ಚು ಎಂದು ವರ್ಷವರ್ಷ ಅಲ್ಲಿಗೆ ಹೋಗುವವರೇ ಹೇಳಿದ್ದರು. ಒಂದು ಸಲ ಸಿಕ್ಕಿದ್ದರೆ ಅದೃಷ್ಟ ಎಂದು ನಾನೂ ಒಪ್ಪುತ್ತಿದ್ದೆ. ಇದೇ ದಾರಿಯಲ್ಲಿ ನಾಲ್ಕು ಸಲ ಸಿಕ್ಕಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬುಕಿಂಗ್ ಸೈಟ್ ಬಳಸಿ ಗೊತ್ತಿರುವವರಿಗೆ ಈ ಬರಹ. ಫಿಲ್ಟರ್ ಹಾಕುವುದನ್ನೆಲ್ಲ ವಿವರಿಸುವುದಿಲ್ಲ.

ಎಲ್ಲರೂ ಮೊದಲು ದಿನಾಂಕ ಹಾಕಿ, ಆಮೇಲೆ ದರ ನೋಡಿ, ಕೊನೆಗೆ ಕಟ್ಟಡ ನೋಡುತ್ತಾರೆ. ನಾನು ಇದನ್ನು ತಿರುಗಿಸಿದೆ. ಮೊದಲು ಕಟ್ಟಡ, ಆಮೇಲೆ ಅದರೊಳಗಿನ ಯೂನಿಟ್, ಆಮೇಲೆ ಆ ಯೂನಿಟ್‌ನ ಮಾಲೀಕ, ಎಲ್ಲಕ್ಕಿಂತ ಕೊನೆಗೆ ದಿನಾಂಕ. ಮೌಯಿಯ ಒಂದು ಕಾಂಪ್ಲೆಕ್ಸ್‌ನಲ್ಲಿ ನೂರಾರು ಯೂನಿಟ್ ಇದ್ದರೆ ಮಾಲೀಕರೂ ಹೆಚ್ಚುಕಡಿಮೆ ಅಷ್ಟೇ ಜನ. ಒಬ್ಬರು ಹೋದ ವರ್ಷ ಅಡುಗೆಮನೆ ಪೂರಾ ಬದಲಿಸಿರುತ್ತಾರೆ, ಪಕ್ಕದವರ ಮನೆಯಲ್ಲಿ ಮೂವತ್ತು ವರ್ಷದ ಹಿಂದಿನ ಬೀರುಗಳೇ ಇರುತ್ತವೆ. ಒಂದೇ ಮಹಡಿ, ಒಂದೇ ನಕ್ಷೆ. ಆದರೂ ದರದಲ್ಲಿ ರಾತ್ರಿಗೆ 80–100 ಡಾಲರ್ ವ್ಯತ್ಯಾಸ ಕಂಡಿದ್ದೇನೆ. ಹಾಗಾಗಿ ಇಡೀ ಕಾಂಪ್ಲೆಕ್ಸ್‌ಗೆ ಸಿಕ್ಕ ನಕ್ಷತ್ರಗಳನ್ನು ನೋಡಿ ಏನೂ ತಿಳಿಯುವುದಿಲ್ಲ.

ಕಟ್ಟಡ ಆರಿಸುವಾಗ ನಾನು ಮೊದಲು ನೋಡುವುದು ಗಾಳಿ. ಈಶಾನ್ಯದ ವಾಣಿಜ್ಯ ಮಾರುತ ಹಲೇಯಾಕಲಾ ಮತ್ತು ಪಶ್ಚಿಮ ಮೌಯಿ ಬೆಟ್ಟಗಳ ನಡುವಿನ ತಗ್ಗಿನಲ್ಲಿ ನುಗ್ಗಿ ದಕ್ಷಿಣ ದಡದ ಮಾಲಾಯಾ, ಉತ್ತರ ಕೀಹೇ ಕಡೆ ಹೊರಬೀಳುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನಕ್ಕೆ ನೊರೆ ಎದ್ದಿರುತ್ತದೆ. ನನ್ನ ಮೊದಲ ಸೋಲು ಇಲ್ಲೇ ಆದದ್ದು. ಉತ್ತರ ಕೀಹೇಯಲ್ಲಿ ಅಗ್ಗಕ್ಕೆ ಸಿಕ್ಕ ಯೂನಿಟ್‌ನ ಲನಾಯ್, ಅಂದರೆ ಬಾಲ್ಕನಿ, ಹನ್ನೊಂದೂವರೆ ಆದಮೇಲೆ ಕೂರಲು ಆಗದಂತಿತ್ತು. ಜಾಹೀರಾತಿನ ಫೋಟೋಗಳೆಲ್ಲ ಬೆಳಗಿನವು. ಈಗ ಫೋಟೋದಲ್ಲಿ ತೆಂಗಿನ ಗರಿಗಳು ಯಾವ ಕಡೆ ಬಾಗಿವೆ ಎಂದು ನೋಡುತ್ತೇನೆ. ಎಲ್ಲ ಫೋಟೋಗಳಲ್ಲೂ ಗರಿ ನೇರವಾಗಿ ಇಳಿಬಿದ್ದಿದ್ದರೆ ಮಧ್ಯಾಹ್ನದ್ದೊಂದು ಫೋಟೋ ಕಳಿಸಿ ಎಂದು ಕೇಳುತ್ತೇನೆ. ದಕ್ಷಿಣಕ್ಕೆ ಹೋದಂತೆ, ಕಾಮಾಓಲೆಯ ಮೂರು ಬೀಚ್‌ಗಳ ಹತ್ತಿರ ಮತ್ತು ವೈಲೇಯಾ ಕಡೆ, ಗಾಳಿ ಕಡಿಮೆ. ಆದರೆ ಕಾಮಾಓಲೆಯ ಬಹುಪಾಲು ಕಾಂಡೋಗಳಿಗೂ ಬೀಚ್‌ಗೂ ನಡುವೆ ಸೌತ್ ಕೀಹೇ ರೋಡ್ ಇದೆ. ರಸ್ತೆ ದಾಟುವುದು ಕಷ್ಟವಲ್ಲ, ಶಬ್ದವೇ ಕಷ್ಟ. ಕಟ್ಟಡದ ಒಳಭಾಗದ ಯೂನಿಟ್ ತೆಗೆದುಕೊಂಡರೆ ನಿದ್ದೆ ಉಳಿಯುತ್ತದೆ.

ಪಶ್ಚಿಮದಲ್ಲಿ ನಾಪಿಲಿ, ಕಪಾಲುವಾ ಕಡೆ ಚಳಿಗಾಲದಲ್ಲಿ ಉತ್ತರದ ಅಲೆ ಜೋರು, ಸ್ನಾರ್ಕೆಲಿಂಗ್‌ಗೆ ಬಂದವರು ದಡದಲ್ಲೇ ಕೂರಬೇಕಾದ ದಿನಗಳು ಇರುತ್ತವೆ. ಬೇಸಿಗೆಯಲ್ಲಿ ದಕ್ಷಿಣದ ಅಲೆ ಕೀಹೇ ಕಡೆಗೆ ಬರುತ್ತದೆ. ತಿಂಗಳು ನೋಡಿ ದಡ ಆರಿಸಬೇಕು. ಕಹುಲುಯಿ ವಿಮಾನನಿಲ್ದಾಣದಿಂದ ಕೀಹೇಗೆ ಇಪ್ಪತ್ತು ನಿಮಿಷ ಸಾಕು, ಪಶ್ಚಿಮ ದಡದ ಕಾನಾಪಲಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಪಶ್ಚಿಮಕ್ಕೆ ಹೋಗುವ ಮುಖ್ಯ ರಸ್ತೆ ಒಂದೇ. ಅದು ಮುಚ್ಚಿದ ದಿನ ವಿಮಾನ ತಪ್ಪುವ ಅಪಾಯ ಉಂಟು. ಹೊರಡುವ ದಿನ ಎರಡು ಗಂಟೆ ಹೆಚ್ಚಿಟ್ಟುಕೊಳ್ಳಿ. 2023ರ ಆಗಸ್ಟ್ 8ರ ಬೆಂಕಿಯಲ್ಲಿ ಸುಟ್ಟ ಲಹೈನಾ ಇದೇ ದಾರಿಯಲ್ಲಿದೆ. ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವುದು ಬೇಡ.

ಇನ್ನು ಮಾಲೀಕನನ್ನು ಪತ್ತೆ ಮಾಡುವುದು. ನನ್ನ ಕೆಲಸಕ್ಕೆ ಬೀಗದ ಕೈ ಆದದ್ದು ಟಿಎಮ್‌ಕೆ, ಅಂದರೆ ಆಸ್ತಿ ತೆರಿಗೆಯ ನಕ್ಷೆ ಸಂಖ್ಯೆ. ಹವಾಯಿಯಲ್ಲಿ ಅಲ್ಪಾವಧಿ ಬಾಡಿಗೆಯ ಜಾಹೀರಾತಿನಲ್ಲಿ ತೆರಿಗೆ ನೋಂದಣಿ ಸಂಖ್ಯೆ ಇರಲೇಬೇಕು, ಮೌಯಿಯ ಜಾಹೀರಾತುಗಳಲ್ಲಿ ಟಿಎಮ್‌ಕೆಯೂ ಇರುತ್ತದೆ. ಒಟ್ಟು 13 ಅಂಕಿ. ಮೊದಲ ಅಂಕಿ 2 ಎಂದರೆ ಮೌಯಿ ಕೌಂಟಿ (ಅಲ್ಲಿನ ಜಿಲ್ಲೆ); ಅದರ ಮುಂದೆ 39 ಬಂದರೆ ಕೀಹೇ, 44 ಬಂದರೆ ಕಾನಾಪಲಿ–ಹೊನೊಕೊವಾಯಿ, 43 ಬಂದರೆ ಕಹಾನಾ–ನಾಪಿಲಿ ಕಡೆ. ಕೊನೆಯ ನಾಲ್ಕು ಅಂಕಿ ಆ ಕಾಂಪ್ಲೆಕ್ಸ್‌ನೊಳಗಿನ ಯೂನಿಟ್‌ನದು. ಎಷ್ಟೋ ಸಲ ಅದು ಬಾಗಿಲ ಮೇಲಿನ ಸಂಖ್ಯೆ ಆಗಿರುವುದಿಲ್ಲ, ಎಚ್ಚರ. ಈ ಸಂಖ್ಯೆಯನ್ನು ಕೌಂಟಿಯ ಆಸ್ತಿ ದಾಖಲೆಯ ತಾಣದಲ್ಲಿ ಹಾಕಿದರೆ ಮಾಲೀಕರ ಹೆಸರು, ಚದರಡಿ, ಯಾವ ದರ್ಜೆಯ ತೆರಿಗೆ ಕಟ್ಟುತ್ತಿದ್ದಾರೆ ಎಲ್ಲ ಪುಕ್ಕಟೆ ಕಾಣುತ್ತದೆ. ದರ್ಜೆ ಟಿವಿಆರ್-ಎಸ್‌ಟಿಆರ್‌ಎಚ್ ಎಂದಿದ್ದರೆ ಅದು ಪ್ರವಾಸಿ ಬಾಡಿಗೆಯ ಯೂನಿಟ್. ‘ಮಾಲೀಕರೇ ವಾಸ’ ಎಂದಿದ್ದು ಜಾಹೀರಾತು ಮಾತ್ರ ರಾತ್ರಿ ಲೆಕ್ಕದ್ದಾಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಹೆಸರು ಸಿಕ್ಕಿತೆಂದು ಅವರ ಮನೆಯ ಫೋನ್ ಹುಡುಕಲು ಹೋಗಬಾರದು. ಹೆಸರು ಬೇಕಾದದ್ದು ಬಾಡಿಗೆ ಕರಾರಿನಲ್ಲಿರುವ ಹೆಸರಿನ ಜೊತೆ ತಾಳೆ ನೋಡಲು. ದಾಖಲೆಯಲ್ಲಿ ಟ್ರಸ್ಟ್ ಅಥವಾ ಎಲ್‌ಎಲ್‌ಸಿ (ಒಂದು ಬಗೆಯ ಕಂಪನಿ) ಹೆಸರಿದ್ದರೆ ಸಂಬಂಧ ಏನೆಂದು ಬರಹದಲ್ಲಿ ಕೇಳಬೇಕು. ನಿಜವಾದ ಮಾಲೀಕರು ಇದಕ್ಕೆ ಬೇಸರಪಡುವುದಿಲ್ಲ. ಸಂಪರ್ಕಿಸಲು ಅವರದೇ ವೆಬ್‌ಸೈಟ್ ಇರುತ್ತದೆ. ಕಾಂಪ್ಲೆಕ್ಸ್ ಹೆಸರು ಮತ್ತು ಯೂನಿಟ್ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಹತ್ತರಲ್ಲಿ ನಾಲ್ಕಾದರೂ ಸಿಗುತ್ತವೆ, ಫೋಟೋ ಹಾಕಿ ಹುಡುಕಿದರೆ ಇನ್ನೆರಡು. ಫೋಟೋಗೆ ಲನಾಯ್‌ನಿಂದ ಕಾಣುವ ಸಮುದ್ರ ಬೇಡ, ಅದು ಸಾಲಿನ ಎಲ್ಲ ಯೂನಿಟ್‌ಗಳಲ್ಲೂ ಒಂದೇ. ಗೋಡೆಯ ಚಿತ್ರ, ವಿಚಿತ್ರ ಬಣ್ಣದ ಸೋಫಾ, ಅಡುಗೆಮನೆಯ ಟೈಲ್ಸ್ ಇರುವ ಫೋಟೋ ಹಾಕಿ. ಬುಕಿಂಗ್ ಸೈಟ್‌ನ ಸಂದೇಶದಲ್ಲಿ ‘ಹೊರಗೆ ಮಾತಾಡೋಣ’ ಎನ್ನುವುದು ನಿಯಮಕ್ಕೆ ವಿರುದ್ಧ, ಮಾಲೀಕರ ಖಾತೆಗೂ ತೊಂದರೆ. ನಾನು ಅದನ್ನು ಒಮ್ಮೆಯೂ ಮಾಡಿಲ್ಲ, ಬೇಕಾಗಿಯೂ ಇಲ್ಲ.

ಈಗ ದಿನಾಂಕ. ಮೌಯಿಯ ಮಾಲೀಕರಲ್ಲಿ ಬಹಳ ಜನ ಕನಿಷ್ಠ ಐದು ಅಥವಾ ಏಳು ರಾತ್ರಿ ಎಂದು ಇಟ್ಟಿರುತ್ತಾರೆ. ಎರಡು ಬುಕಿಂಗ್‌ಗಳ ನಡುವೆ ನಾಲ್ಕೋ ಆರೋ ರಾತ್ರಿ ಖಾಲಿ ಬಿದ್ದರೆ ಆ ಕನಿಷ್ಠದ ಕಾರಣಕ್ಕೆ ಸೈಟ್‌ನ ಹುಡುಕಾಟದಲ್ಲಿ ಅದು ತೋರುವುದೇ ಇಲ್ಲ. ಕ್ಯಾಲೆಂಡರ್ ತೆರೆದರೆ ಮಾತ್ರ ಬಿಳಿ ಕಿಂಡಿಯಾಗಿ ಕಾಣುತ್ತದೆ. ಮಾಲೀಕರಿಗೆ ಅದು ಸತ್ತ ಸರಕು, ನಮಗೆ ಅದೇ ಬೇಕು. ಹನ್ನೆರಡು ಹದಿನೈದು ಮೆಚ್ಚಿನ ಯೂನಿಟ್‌ಗಳ ಕ್ಯಾಲೆಂಡರ್‌ಗಳನ್ನು ವಾರಕ್ಕೊಮ್ಮೆ ನೋಡಿ ಕಿಂಡಿಗಳನ್ನು ಒಂದು ಶೀಟ್‌ನಲ್ಲಿ ಬರೆದಿಡುತ್ತೇನೆ. ಸುಮಾರು ಇಪ್ಪತ್ತೈದು ನಿಮಿಷದ ಕೆಲಸ. ಕೇಳಲು ಸರಿಯಾದ ಸಮಯ ಹೊರಡುವ 35ರಿಂದ 55 ದಿನ ಮೊದಲು. ಅನೇಕರ ರದ್ದತಿ ಗಡುವು 60 ದಿನ. ಗಡುವಿನ ಹಿಂದಿನ ವಾರ ರದ್ದಾದ ರಾತ್ರಿಗಳು ಆಗ ಹೊಸದಾಗಿ ಖಾಲಿ ಬಿದ್ದಿರುತ್ತವೆ. ನಾಲ್ಕು ತಿಂಗಳು ಮೊದಲು ಕೇಳಿದ ಐದಾರು ಮೇಲ್‌ಗಳಿಗೆ ‘ಇಲ್ಲ’ ಎಂಬ ಉತ್ತರವೇ ಬಂತು, ಹತ್ತು ದಿನ ಮೊದಲು ಕೇಳಿದಾಗ ವಿಮಾನದ ದರ ಉಳಿತಾಯವನ್ನೆಲ್ಲ ತಿಂದುಹಾಕಿತು. ಈ ಉಪಾಯ ಏಪ್ರಿಲ್ ಕೊನೆಯಿಂದ ಮೇ ಮತ್ತು ಸೆಪ್ಟೆಂಬರ್‌ನಿಂದ ನವೆಂಬರ್ ಮೊದಲರ್ಧದವರೆಗೆ ನಡೆಯುತ್ತದೆ. ಕ್ರಿಸ್‌ಮಸ್ ವಾರದಲ್ಲಿ, ತಿಮಿಂಗಿಲ ನೋಡಲು ಜನ ಬರುವ ಫೆಬ್ರವರಿಯಲ್ಲಿ ಕೇಳಿ ಸಮಯ ಕಳೆಯಬೇಡಿ.

ಮೇಲ್‌ನಲ್ಲಿ ನಾಲ್ಕೇ ಸಾಲು. ಕಿಂಡಿಯ ದಿನಾಂಕ ಹಾಗೇ, ಎಷ್ಟು ಜನ, ರಾತ್ರಿಗೆ ಇಷ್ಟು, ಒಪ್ಪಿದ ದಿನವೇ ಪೂರ್ತಿ ಹಣ. ಕಿಂಡಿಯನ್ನು ಪೂರ್ತಿ ತುಂಬಬೇಕು. ಆರರಲ್ಲಿ ನಾಲ್ಕು ರಾತ್ರಿ ಕೇಳಿದರೆ ಅವರ ಕಷ್ಟ ಹಾಗೇ ಉಳಿಯುತ್ತದೆ. ನಾನು ಕೇಳುವುದು ಹಾಕಿರುವ ದರಕ್ಕಿಂತ 20–22 ಶೇಕಡಾ ಕಡಿಮೆ. 40 ಶೇಕಡಾ ಕಡಿಮೆ ಕೇಳಿದ ಎರಡು ಸಲವೂ ಉತ್ತರವೇ ಬರಲಿಲ್ಲ, ಆ ಎರಡು ಒಳ್ಳೆಯ ಯೂನಿಟ್‌ಗಳು ನನ್ನ ಪಾಲಿಗೆ ಮುಚ್ಚಿಹೋದವು. ಕೊನೆಯ ಸಾಲಿನ ಒಕ್ಕಣೆಯಿಂದಲೇ ಹೆಚ್ಚಿನ ‘ಆಗಲಿ’ಗಳು ಬಂದದ್ದು, ಅದನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಸೈಟ್‌ನಲ್ಲಿ ಅದೇ ಯೂನಿಟ್ ರಾತ್ರಿಗೆ 289, ಕ್ಲೀನಿಂಗ್ 250, ಸೈಟ್‌ನ ಸೇವಾ ಶುಲ್ಕ 12 ಶೇಕಡಾ, ತೆರಿಗೆ 18ರ ಸುಮಾರು. ಆರು ರಾತ್ರಿಗೆ 2,580 ಹತ್ತಿರ ಆಗುತ್ತಿತ್ತು. ನೇರವಾಗಿ ರಾತ್ರಿಗೆ 225, ಕ್ಲೀನಿಂಗ್ 220, ಅದೇ ತೆರಿಗೆ, 1,850. ಏಳುನೂರಕ್ಕೂ ಹೆಚ್ಚು ಉಳಿಯಿತು. ತೆರಿಗೆಯನ್ನು ಹಗುರವಾಗಿ ನೋಡಬೇಡಿ: ಜಿಇಟಿ (ಸಾಮಾನ್ಯ ವ್ಯವಹಾರ ತೆರಿಗೆ) 4.5 ಶೇಕಡಾ, ಕೌಂಟಿಯ ಟಿಎಟಿ (ಪ್ರವಾಸಿ ವಸತಿ ತೆರಿಗೆ) 3, ರಾಜ್ಯದ ಟಿಎಟಿ 10.25 ಇದ್ದದ್ದು 2026ರ ಜನವರಿಯಿಂದ 11 ಆಗಿದೆ. ಕ್ಲೀನಿಂಗ್ ಫೀ ಮೇಲೂ ಈ ತೆರಿಗೆ ಬೀಳುತ್ತದೆ. ‘ನಗದು ಕೊಟ್ಟರೆ ತೆರಿಗೆ ಬೇಡ’ ಎನ್ನುವವರನ್ನು ಅಲ್ಲಿಗೇ ಬಿಡಿ; ತೆರಿಗೆ ಕಟ್ಟದವರು ಠೇವಣಿ ವಾಪಸು ಕೊಡುವುದೂ ಅನುಮಾನ.

ಹಣ ಕೊಡುವುದು ಕ್ರೆಡಿಟ್ ಕಾರ್ಡ್‌ನಲ್ಲಿ ಮಾತ್ರ. ಮಾಲೀಕರು 3 ಶೇಕಡಾ ಹೆಚ್ಚು ಕೇಳಿದರೂ ಕೊಡುತ್ತೇನೆ, ಏನಾದರೂ ತಪ್ಪಿದರೆ ಕಾರ್ಡ್‌ನವರಲ್ಲಿ ತಕರಾರು ಎತ್ತಬಹುದು. ಬ್ಯಾಂಕ್‌ನಿಂದ ವೈರ್ ಕಳಿಸಿದ ಹಣಕ್ಕೆ ಆ ದಾರಿ ಇಲ್ಲ. ‘ಯಾವ ಕಾರಣಕ್ಕಾದರೂ ರದ್ದು’ ವಿಮೆಯನ್ನು ಮೊದಲ ಹಣ ಕೊಟ್ಟ ಎರಡು ಮೂರು ವಾರದೊಳಗೇ ಕೊಳ್ಳಬೇಕು, ಅದೂ ಸಾಮಾನ್ಯವಾಗಿ 50–75 ಶೇಕಡಾ ಮಾತ್ರ ವಾಪಸು ಕೊಡುತ್ತದೆ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಚಂಡಮಾರುತಕ್ಕೆ ಲೆಕ್ಕಕ್ಕಿಲ್ಲ.

ಒಂದು ವರ್ಷದಾಚೆಯ ಬುಕಿಂಗ್ ಮಾಡುವವರು ಇನ್ನೊಂದನ್ನು ನೋಡಬೇಕು. ಅಪಾರ್ಟ್‌ಮೆಂಟ್ ವಲಯದಲ್ಲಿದ್ದೂ ಪ್ರವಾಸಿ ಬಾಡಿಗೆಗೆ ಅವಕಾಶವಿದ್ದ ಹಳೆಯ ಕಾಂಪ್ಲೆಕ್ಸ್‌ಗಳನ್ನು ಅಲ್ಲಿ ಮಿನಟೋಯಾ ಪಟ್ಟಿ ಎನ್ನುತ್ತಾರೆ. ಅವುಗಳಲ್ಲಿ ಅಲ್ಪಾವಧಿ ಬಾಡಿಗೆಯನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು ಮೇಯರ್ 2024ರ ಮೇನಲ್ಲಿ ಮುಂದಿಟ್ಟರು, 2025ರ ಡಿಸೆಂಬರ್‌ನಲ್ಲಿ ಕೌಂಟಿ ಕೌನ್ಸಿಲ್ ಒಪ್ಪಿತು. ಬೆಂಕಿಯ ನಂತರ ಅಲ್ಲಿನವರಿಗೇ ಮನೆ ಇಲ್ಲದಾಗಿರುವುದರಿಂದ ಅದು ನ್ಯಾಯವೇ ಎಂದು ನನಗೆ ಅನಿಸುತ್ತದೆ. ನಮ್ಮ ಕೆಲಸ ಇಷ್ಟೇ: ಹೋಟೆಲ್ ವಲಯದ ಕಟ್ಟಡ ಆರಿಸಿ, ಇಲ್ಲವೇ ಕಾನೂನಿನಿಂದ ಬಾಡಿಗೆ ನಿಂತರೆ ಪೂರ್ತಿ ಹಣ ವಾಪಸು ಎಂಬ ಸಾಲನ್ನು ಕರಾರಿನಲ್ಲಿ ಹಾಕಿಸಿ.

ಹಣ ಕೊಡುವ ಮೊದಲು ಮಾಲೀಕರನ್ನು ನೇರವಾಗಿ ಕೇಳಲೇಬೇಕಾದ ಪ್ರಶ್ನೆ, ಆ ದಿನಗಳಲ್ಲಿ ಕಟ್ಟಡದಲ್ಲಿ ಏನಾದರೂ ದುರಸ್ತಿ ಇದೆಯೇ ಎಂಬುದು. ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಹೊರಪದರ ಸಿಡಿಯುತ್ತದೆ. ಅದನ್ನು ಒಡೆದು ತುಂಬುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ, ಬೆಳಿಗ್ಗೆಯಿಂದಲೇ ಜ್ಯಾಕ್‌ಹ್ಯಾಮರ್. ನನ್ನ ಎರಡನೆಯ ಸೋಲು ಅದು. ಕೇಳಿದ್ದರೆ ಹೇಳುತ್ತಿದ್ದರು, ನಾನು ಕೇಳಿರಲಿಲ್ಲ. ಎಸಿಯೂ ಹಾಗೇ. 1970ರ ದಶಕದ ಕಟ್ಟಡಗಳಲ್ಲಿ ಎಷ್ಟೋ ಕಡೆ ಎಸಿ ಬೆಡ್‌ರೂಮಿನಲ್ಲಿ ಮಾತ್ರ, ಲಿಫ್ಟೂ ಇರುವುದಿಲ್ಲ. ಕೆಟ್ಟ ವಿಮರ್ಶೆಗಳಲ್ಲಿ ಕಬ್ಬಿನ ಗದ್ದೆಯ ಹೊಗೆ, ಮಸಿ ಎಂದು ಬರೆದಿದ್ದರೆ ಆ ದೂರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲಿನ ಕೊನೆಯ ಕಬ್ಬಿನ ಕಟಾವು 2016ರ ಡಿಸೆಂಬರ್‌ನಲ್ಲೇ ಮುಗಿಯಿತು.

ದಾರಿಯಲ್ಲಿ ಒಂದೆರಡು ಪ್ರಯೋಗಗಳನ್ನೂ ಮಾಡಿದೆ. ಸೂರ್ಯನ ದಿಕ್ಕು ತೋರುವ ಆ್ಯಪ್ ಇಟ್ಟು ಲನಾಯ್‌ನ ಮುಖ ಲೆಕ್ಕಹಾಕಿದೆ. ಮೌಯಿ ಇರುವುದು 20.8 ಡಿಗ್ರಿ ಉತ್ತರದಲ್ಲಿ, ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲುತ್ತಾನೆ. ಆ ತಿಂಗಳುಗಳಲ್ಲಿ ವಾಯವ್ಯಕ್ಕೆ ಮುಖವಿರುವ, ಎಸಿ ಇಲ್ಲದ ಮೇಲಿನ ಮಹಡಿ ಸಂಜೆಗೆ ಕಾದ ಹೆಂಚು. ಎರಡನೆಯದು, ಎರಡು ಕಿಂಡಿಗಳನ್ನು ಜೋಡಿಸಿ ನಾಲ್ಕು ರಾತ್ರಿ ಕೀಹೇ, ನಾಲ್ಕು ರಾತ್ರಿ ನಾಪಿಲಿ. ಕ್ಲೀನಿಂಗ್ ಫೀ ಎರಡು ಸಲ ಬಿದ್ದು, ಅರ್ಧ ದಿನ ಪ್ಯಾಕಿಂಗ್‌ನಲ್ಲೇ ಹೋಯಿತು. ಎಂಟು ರಾತ್ರಿಗಿಂತ ಕಡಿಮೆಗೆ ಇದು ಗಿಟ್ಟುವುದಿಲ್ಲ, ಎಂಟಕ್ಕೂ ಬರೀ ಸಮಸಮ. ಯಾವ ಕಾಂಪ್ಲೆಕ್ಸ್‌ನ ಯಾವ ಮೂಲೆಯಲ್ಲಿ ರಸ್ತೆಯ ಸದ್ದು ಕೇಳದೆ ಸಮುದ್ರದ ಸದ್ದು ಮಾತ್ರ ಕೇಳುತ್ತದೆ ಎಂಬುದೂ ಈಗ ಗೊತ್ತು, ಆದರೆ ಅದನ್ನು ಬರೆದರೆ ಮುಂದಿನ ವರ್ಷ ನನಗೇ ಸಿಗುವುದಿಲ್ಲ.

ಬಂದ ದಿನ ಬ್ಯಾಗ್ ಬಿಚ್ಚುವ ಮೊದಲು ಮೂರು ನಿಮಿಷದ ವಿಡಿಯೋ: ಪಾತ್ರೆ, ಸೋಫಾದ ಕಲೆ, ಲನಾಯ್‌ನ ಜಾರುಬಾಗಿಲು, ಶವರ್. ಕೆಟ್ಟದ್ದೇನಾದರೂ ಕಂಡರೆ ಜಾಹೀರಾತಿನಲ್ಲೇ ಇರುವ ದ್ವೀಪದ ಸ್ಥಳೀಯ ಸಂಪರ್ಕ ಸಂಖ್ಯೆಗೆ ಅದೇ ಗಂಟೆ ತಿಳಿಸುತ್ತೇನೆ. ಹೊರಡುವ ದಿನ ಟವೆಲ್ ಒಂದು ಕಡೆ, ಕಸ ಹೊರಗೆ, ಇನ್ನೊಂದು ವಿಡಿಯೋ, ಮಾಲೀಕರಿಗೆ ಎರಡು ಸಾಲಿನ ಥ್ಯಾಂಕ್ಸ್, ಜೊತೆಗೆ ಮುಂದೆ ಕಿಂಡಿ ಬಿದ್ದರೆ ತಿಳಿಸಿ ಎಂಬ ಕೋರಿಕೆ. ಈಗ ಇಬ್ಬರು ಮಾಲೀಕರು ಸೈಟ್‌ನಲ್ಲಿ ದರ ಇಳಿಸುವ ಮೊದಲು ನನಗೇ ಮೇಲ್ ಮಾಡುತ್ತಾರೆ. ಕಳೆದ ಎರಡು ಸಲ ಕ್ಯಾಲೆಂಡರ್ ನೋಡುವ ಕೆಲಸವೂ ಬೀಳಲಿಲ್ಲ.