ಹೊರಡೋಕೆ ನಾಲ್ಕು ದಿನ ಇದ್ದಾಗ ತಲೆ ಸುತ್ತಿತು

ದಸರಾ ರಜೆಗೆ ದಾವಣಗೆರೆಯ ಅಕ್ಕನ ಮನೆಯವರೂ ನಾವೂ ಸೇರಿ ಉಡುಪಿ, ಮಲ್ಪೆ ಕಡೆ ಹೋಗೋದು ಅಂತ ಮಾತಾಗಿತ್ತು. ರೂಮಿಗೆ ದುಡ್ಡೂ ಕಟ್ಟಿದ್ದೆವು. ಹೊರಡೋಕೆ ನಾಲ್ಕು ದಿನ ಇದೆ ಅನ್ನುವಾಗ, ಬೆಳಗಿನ ಜಾವ ಹಾಸಿಗೆಯಲ್ಲಿ ಬಲ ಮಗ್ಗುಲಿಗೆ ಹೊರಳಿದೆ. ಇಡೀ ಕೋಣೆ ಗಿರ್ರನೆ ತಿರುಗಿತು. ಫ್ಯಾನ್ ಆಫ್ ಆಗಿತ್ತು, ಆದರೂ ಸುತ್ತುತ್ತಿತ್ತು. ಮಂಚದ ಪಟ್ಟಿ ಗಟ್ಟಿಯಾಗಿ ಹಿಡಿದುಕೊಂಡೆ. ಅರ್ಧ ನಿಮಿಷಕ್ಕೆ ನಿಂತಿತು. ಎದ್ದು ಕೂತರೆ ಮತ್ತೆ ಶುರು. ವಾಂತಿಯೂ ಆಯಿತು.

ಅತ್ತೆ ಪಿತ್ತ ಅಂದರು, ಜೀರಿಗೆ ಕಷಾಯ ಮಾಡಿ ಕೊಟ್ಟರು. ಬಿಪಿ, ಶುಗರ್ ನೋಡಿಸಿದೆವು, ಎರಡೂ ಸರಿ ಇತ್ತು. ಮೊದಲು ಹೋದ ಕ್ಲಿನಿಕ್‌ನಲ್ಲಿ ಕುತ್ತಿಗೆ ಸವೆತ ಅಂದರು, ತಲೆಸುತ್ತಿನ ಮಾತ್ರೆ ಬರೆದರು. ಮಾತ್ರೆ ನುಂಗಿದರೆ ಮಂಪರು, ಹೊರಳಿದರೆ ಅದೇ ಸುತ್ತು. ಅಕ್ಕ ಫೋನ್ ಮಾಡಿ, "ಬ್ಯಾಡ ಬಿಡೇ, ಇನ್ನೊಂದ್ಸಲ ಹೋಗೋಣ" ಅಂದಳು. ಅಳು ಬಂತು.

ಆ ಸಂಜೆ ಒಂದು ಚೀಟಿ ಹಿಡಿದು ಬರೆಯುತ್ತಾ ಕೂತೆ. ಯಾವಾಗ ಬರುತ್ತೆ? ಬಲಕ್ಕೆ ಹೊರಳಿದಾಗ, ಬೀರು ಮೇಲಿನ ಸೂಟ್‌ಕೇಸ್ ಇಳಿಸೋಕೆ ಕತ್ತೆತ್ತಿದಾಗ. ಎಷ್ಟು ಹೊತ್ತು? ಒಂದು ನಿಮಿಷದ ಒಳಗೆ. ಸುಮ್ನೆ ಕೂತಾಗ? ಇಲ್ಲ. ಕಿವಿ ಮಂದ? ಇಲ್ಲ. ಮರುದಿನ ಚಿತ್ರದುರ್ಗದಲ್ಲೇ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋದಾಗ ಆ ಚೀಟಿಯನ್ನೇ ಕೊಟ್ಟೆ. ಓದುತ್ತಲೇ ಅವರಿಗೆ ಅರ್ಧ ಗೊತ್ತಾಗಿತ್ತು ಅನ್ನಿಸುತ್ತೆ.

ಮಂಚದ ಮೇಲೆ ಕೂರಿಸಿ, ತಲೆ ಬಲಕ್ಕೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗಿತ್ತು. ಸುತ್ತು ಬಂದೇ ಬಂತು. "ಕಣ್ಣು ಮುಚ್ಚಬೇಡಿ ಮೇಡಂ, ನಿಮ್ಮ ಕಣ್ಣೇ ನಂಗೆ ಬೇಕು" ಅಂದರು. ಆಗ ಕಣ್ಣುಗುಡ್ಡೆ ತಾನಾಗಿ ಅದುರುತ್ತಂತೆ. ಎಡಕ್ಕೆ ಮಾಡಿದಾಗ ಏನೂ ಆಗಲಿಲ್ಲ. ಹಾಗಾಗಿ ತೊಂದರೆ ಬಲಗಿವಿಯದ್ದು.

ಇದಕ್ಕೆ ಬಿಪಿಪಿವಿ ಅಂತಾರೆ. ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಪಕ್ಕದ ಅರೆವೃತ್ತದ ನಾಳಕ್ಕೆ ಜಾರಿದರೆ, ತಲೆ ಆಡಿಸಿದಾಗಲೆಲ್ಲ ಒಳಗಿನ ದ್ರವ ಕದಡಿ ಮೆದುಳಿಗೆ ತಪ್ಪು ಸುದ್ದಿ ಹೋಗುತ್ತೆ. 50 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ. ಮಾತ್ರೆ ಸಂಕಟ ಕಡಿಮೆ ಮಾಡಬಹುದು, ಹರಳನ್ನು ವಾಪಸ್ ಕಳಿಸೋದಿಲ್ಲ. ಅದಕ್ಕೆ ತಲೆಯನ್ನೇ ತಿರುಗಿಸಬೇಕು.

ಎಪ್ಲಿ ಅನ್ನುವ ಡಾಕ್ಟರು ಕಂಡುಹಿಡಿದ ವಿಧಾನ ಅದು. ಬಲಕ್ಕೆ ಅರ್ಧ ತಿರುಗಿಸಿದ ತಲೆಯಲ್ಲೇ ಹಿಂದಕ್ಕೆ ಮಲಗಿ, ಸುತ್ತು ನಿಲ್ಲೋವರೆಗೆ ಕಾಯೋದು. ಆಮೇಲೆ ತಲೆ ಮಾತ್ರ ನಿಧಾನಕ್ಕೆ ಎಡಕ್ಕೆ. ಮತ್ತೆ ಅರ್ಧ ನಿಮಿಷ. ಆಮೇಲೆ ಮೈಯೂ ಎಡ ಮಗ್ಗುಲಿಗೆ, ಮುಖ ನೆಲ ನೋಡುವ ಹಾಗೆ. ಕೊನೆಗೆ ಆ ಕಡೆಯಿಂದಲೇ ಎದ್ದು ಕೂರೋದು. ಐದು ನಿಮಿಷವೂ ಹಿಡಿಯಲಿಲ್ಲ. ಮರುದಿನ ಇನ್ನೊಮ್ಮೆ ಮಾಡಿದರು. ಆಮೇಲೆ ಹೊರಳಿದರೆ ಕೋಣೆ ನಿಂತಲ್ಲೇ ನಿಂತಿತ್ತು! ತೇಲಿದ ಹಾಗೆ ಅನ್ನಿಸೋದು ಮಾತ್ರ ಎರಡು ದಿನ ಇತ್ತು. ಕೂತೇ ನಿದ್ದೆ ಮಾಡಬೇಕು ಅಂತ ಯಾರೋ ಹೇಳಿದ್ದರು. ಡಾಕ್ಟರು ಬೇಕಿಲ್ಲ ಅಂದರು.

ಒಂದು ಎಚ್ಚರಿಕೆ ಕೊಟ್ಟರು, ಇದನ್ನು ನಾನು ಎಲ್ಲರಿಗೂ ಹೇಳ್ತೀನಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಬಲ ಕಳೆದುಕೊಂಡರೆ, ನಡೆಯೋಕೇ ಆಗದಿದ್ದರೆ ಅದು ಕಿವಿಯದ್ದಲ್ಲ, ಮೆದುಳಿನದ್ದಿರಬಹುದು. ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಬೇಕು. ಯಾವ ಕಿವಿ ಅಂತ ಡಾಕ್ಟರು ಹೇಳದೆ, ವಿಡಿಯೊ ನೋಡಿ ಮನೆಯಲ್ಲಿ ತಲೆ ತಿರುಗಿಸೋದೂ ಬೇಡ. ಕುತ್ತಿಗೆ ತೊಂದರೆ ಇದ್ದವರಂತೂ ಮೊದಲು ಕೇಳಲೇಬೇಕು.

ಹೊರಟೆವು. ಹೊಳಲ್ಕೆರೆ, ಶಿವಮೊಗ್ಗ, ತೀರ್ಥಹಳ್ಳಿ. ಆಗುಂಬೆಯ 14 ತಿರುವುಗಳದ್ದೇ ನನಗೆ ಭಯ. ಮುಂದಿನ ಸೀಟಿನಲ್ಲಿ ಕೂತು ರಸ್ತೆಯನ್ನೇ ನೋಡುತ್ತಾ ಬಂದೆ, ಏನೂ ಆಗಲಿಲ್ಲ. ಕೃಷ್ಣ ಮಠದಲ್ಲಿ ಅಡ್ಡ ಬೀಳದೆ ನಿಂತೇ ಕೈ ಮುಗಿದೆ. ದೋಣಿ ಹತ್ತಲಿಲ್ಲ, ಮಕ್ಕಳು ಹೋಗಿ ಬಂದರು.

ಮೂರನೇ ದಿನ ಬೆಳಿಗ್ಗೆ ಮಲ್ಪೆಯ ರೂಮಿನಲ್ಲಿ ಬಲಕ್ಕೆ ಹೊರಳಿದಾಗ ಸಣ್ಣದಾಗಿ ಮತ್ತೆ ಸುತ್ತಿತು. ಎದೆ ಧಸಕ್ ಅಂತು. ಆದರೆ ಡಾಕ್ಟರು ನಮ್ಮೆಜಮಾನರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕಲಿಸಿದ್ದರು. ಭುಜದ ಕೆಳಗೆ ದಿಂಬು ಇಟ್ಟರು, ಎರಡೂ ಕೈಯಲ್ಲಿ ನನ್ನ ತಲೆ ಹಿಡಿದರು, ಬಾಯಲ್ಲಿ ಒಂದರಿಂದ ಮೂವತ್ತು ಎಣಿಸಿದರು. ಎಡಕ್ಕೆ ತಿರುಗಿಸಿ ಮತ್ತೆ ಎಣಿಸಿದರು. ಎದ್ದು ಕೂತು ಕಾಫಿ ಕುಡಿದೆವು. ಹತ್ತು ಗಂಟೆಗೆ ನಾನು ಅಕ್ಕನ ಕೈ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ.