ಕೊನೇ ದಿನಾಂಕಕ್ಕೆ ಮುಂಚೆ ಕಥೆ ರೆಡಿ ಇರಲಿ

ಎಂ.ಎ. ಇಂಗ್ಲಿಷ್ ಓದುತ್ತಿದ್ದೀರಿ. ಜೊತೆಗೆ ಕದ್ದುಮುಚ್ಚಿ ಕಥೆಯೋ ಕವಿತೆಯೋ ಬರೆಯುತ್ತೀರಿ. ಮನೆಗೆ ಬಂದ ನೆಂಟರು ಕೇಳುವುದು ಒಂದೇ ಪ್ರಶ್ನೆ: ‘ಮುಂದೇನು, ಬಿ.ಎಡ್ಡಾ?’ ಬಿ.ಎಡ್ ಬೇಡ ಅಂತಲ್ಲ. ಆದರೆ ಬರೆಯುವವರಿಗೆ ಸ್ಪರ್ಧೆ, ಫೆಲೋಶಿಪ್, ವಿದೇಶದ ಕೋರ್ಸು ಅಂತ ದಾರಿಗಳು ಬೇಕಾದಷ್ಟಿವೆ. ತೊಂದರೆ ಏನೆಂದರೆ ಸುದ್ದಿ ನಮಗೆ ಮುಟ್ಟುವುದೇ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಕೊನೇ ದಿನಕ್ಕೆ ಎರಡು ದಿನ ಬಾಕಿ ಇರುವಾಗ. ಆಗ ಕೂತು ಕಥೆ ಬರೆಯಲು ಹೊರಟರೆ ಅದು ಯುದ್ಧಕಾಲೇ ಶಸ್ತ್ರಾಭ್ಯಾಸ.

ಹೆಜ್ಜೆ 1: ಮೊದಲು ಫೋಲ್ಡರ್

ಅರ್ಜಿ ಎಲ್ಲಿ ಹಾಕಬೇಕು ಅಂತ ಹುಡುಕುವುದು ಆಮೇಲೆ. ಮೊದಲು ಒಂದು ಫೋಲ್ಡರ್ ಮಾಡಿ. ಅದರಲ್ಲಿ ತಿದ್ದಿ ಮುಗಿಸಿದ, ಸುಮಾರು 3,000 ಪದಗಳ ಒಂದು ಕಥೆ ಇರಲಿ. ಐದಾರು ಕವಿತೆ, ಒಂದು ಪ್ರಬಂಧ, ನಿಮ್ಮ ಬಗ್ಗೆ ನಾಲ್ಕೈದು ಸಾಲು ಇರಲಿ. ‘ತಿದ್ದಿ ಮುಗಿಸಿದ’ ಅನ್ನುವುದೇ ಇಲ್ಲಿ ಮುಖ್ಯ. ಅರ್ಧ ಬರೆದ ಹತ್ತು ಕಥೆಗಿಂತ ಮುಗಿದ ಒಂದು ಕಥೆ ಮೇಲು.

ಪ್ರತಿಯೊಂದಕ್ಕೂ ಎರಡು ಪ್ರತಿ ಇಡಿ, ಒಂದರಲ್ಲಿ ನಿಮ್ಮ ಹೆಸರು ಇರಲಿ, ಇನ್ನೊಂದರಲ್ಲಿ ಎಲ್ಲೂ ಇರಬಾರದು. ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಹೆಸರು ಹಾಕಬಾರದು ಅನ್ನುವ ನಿಯಮ ಇದ್ದ ಸ್ಪರ್ಧೆಗೆ ಕಥೆ ಕಳಿಸಿದ್ದೆ. ಮೊದಲ ಪುಟದಲ್ಲಿ ಹೆಸರು ಅಳಿಸಿದ್ದೆ, ನಿಜ. ಆದರೆ ಪುಟಸಂಖ್ಯೆ ಪಕ್ಕದಲ್ಲಿ ಅದು ಹನ್ನೊಂದು ಪುಟವೂ ಹಾಯಾಗಿ ಕೂತಿತ್ತು.

ಹೆಜ್ಜೆ 2: ಗೋಡೆ ಮೇಲೆ ತಿಂಗಳುಗಳು

ಯಾವುದಕ್ಕೆ ಯಾವ ತಿಂಗಳು ಕೊನೇ ದಿನ ಅಂತ ಬರೆದು ಗೋಡೆಗೆ ಅಂಟಿಸಿ. ಕಾಮನ್‌ವೆಲ್ತ್ ಸಣ್ಣಕಥೆ ಬಹುಮಾನಕ್ಕೆ ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ನವೆಂಬರ್ ಆರಂಭದವರೆಗೆ ಕಥೆ ತೆಗೆದುಕೊಳ್ಳುತ್ತಾರೆ. ಪ್ರವೇಶ ಶುಲ್ಕ ಇಲ್ಲ. ಕಥೆ 2,000ದಿಂದ 5,000 ಪದ ಇರಬೇಕು, ಎಲ್ಲೂ ಪ್ರಕಟವಾಗಿರಬಾರದು. ಫೇಸ್‌ಬುಕ್‌ನಲ್ಲಿ ಹಾಕಿದ್ದನ್ನೂ ಪ್ರಕಟವಾಯಿತು ಅಂತಲೇ ಲೆಕ್ಕ ಹಾಕುವ ಸ್ಪರ್ಧೆಗಳಿವೆ. ಆದ್ದರಿಂದ ಲೈಕ್ ಆಸೆಗೆ ಒಳ್ಳೇ ಕಥೆ ಬಲಿ ಕೊಡಬೇಡಿ.

ಬೆಂಗಳೂರಿನ ‘ಟೋಟೋ ಫಂಡ್ಸ್ ದಿ ಆರ್ಟ್ಸ್’ 2004ರಿಂದ ಕೆಲಸ ಮಾಡುತ್ತಿದೆ. ಮೂವತ್ತು ದಾಟದವರಿಗೆ ಇಂಗ್ಲಿಷ್ ಬರವಣಿಗೆಗೂ ಕನ್ನಡ ಬರವಣಿಗೆಗೂ ಬೇರೆ ಬೇರೆ ಪ್ರಶಸ್ತಿ ಕೊಡುತ್ತದೆ. ಪುಸ್ತಕ ಬಂದಿರಬೇಕು ಅಂತೇನೂ ಇಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ ಪುಸ್ತಕ ಬೇಕು, ವಯಸ್ಸು 35 ಮೀರಿರಬಾರದು. ಬಹುಮಾನ 50,000 ರೂಪಾಯಿ.

ಸಂಶೋಧನೆ ಕಡೆ ಮನಸ್ಸಿದ್ದರೆ ನೆಟ್ (ಕಾಲೇಜು ಮೇಷ್ಟ್ರ ಕೆಲಸಕ್ಕೂ ಸಂಶೋಧನೆಗೂ ನಡೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅನ್ನೂ ಗೋಡೆಗೆ ಬರೆದುಕೊಳ್ಳಿ. ಅದರಲ್ಲಿ ಜೆ.ಆರ್.ಎಫ್., ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಬರೆಯುವ ಹುಡುಗ ಹುಡುಗಿಯರಿಗೆ ಇಷ್ಟು ನಿಯತ್ತಾಗಿ ದುಡ್ಡು ಕೊಡುವವರು ಬೇರೆ ಯಾರೂ ಸಿಗುವುದಿಲ್ಲ.

ಹೆಜ್ಜೆ 3: ಕನ್ನಡವನ್ನು ಮರೆಯಬೇಡಿ

ಇಂಗ್ಲಿಷ್ ಎಂ.ಎ. ಮಾಡುವವರು ಕನ್ನಡವನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. ಅದೇ ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ. ಜಗತ್ತಿನಲ್ಲಿ ಇಂಗ್ಲಿಷ್ ಕಥೆ ಬರೆಯುವವರು ಲಕ್ಷಾಂತರ ಜನ. ಕನ್ನಡದಿಂದ ಇಂಗ್ಲಿಷಿಗೆ ಚೆನ್ನಾಗಿ ತರುವವರು ಎಷ್ಟು ಜನ ಇದ್ದಾರೆ ಹೇಳಿ?

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡ್ ಬಹುಮಾನದಲ್ಲಿ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು ಸಿಕ್ಕಿತು. ನ್ಯೂ ಇಂಡಿಯಾ ಫೌಂಡೇಶನ್ನಿನ ಅನುವಾದ ಫೆಲೋಶಿಪ್ 6 ಲಕ್ಷ ರೂಪಾಯಿಯದು. ಕಥೆ, ಕಾದಂಬರಿಗಲ್ಲ, ವಿಚಾರ ಸಾಹಿತ್ಯಕ್ಕೆ. ಮೊದಲ ಸುತ್ತಿನಲ್ಲೇ ಕನ್ನಡದ ಅನುವಾದಕರೊಬ್ಬರಿಗೆ ಸಿಕ್ಕಿತು. ಅವರು ತುಮಕೂರು ವಿಶ್ವವಿದ್ಯಾಲಯದ ಇಂಗ್ಲಿಷ್ ಮೇಷ್ಟ್ರು ಎನ್.ಎಸ್. ಗುಂಡೂರ. ತೆಗೆದುಕೊಂಡದ್ದು ಡಿ.ಆರ್. ನಾಗರಾಜ್ ಅವರ ಅಲ್ಲಮನ ಕುರಿತ ಪುಸ್ತಕ.

ಶುರು ಮಾಡುವುದು ಹೇಗೆ? ಒಂದು ಕನ್ನಡ ಕಥೆಯ ಐದು ಪುಟ ಸಾಕು. ಎದುರಿಗೇ ಕಷ್ಟ ಸಿಗುತ್ತದೆ. ಉದಾಹರಣೆಗೆ, ‘ಅಜ್ಜಿ ಉಸ್ಸಪ್ಪಾ ಅಂತ ಕಟ್ಟೆ ಮೇಲೆ ಕೂತಳು’. ಇಂಗ್ಲಿಷಿನಲ್ಲಿ ನಿಟ್ಟುಸಿರು ಬಿಟ್ಟಳು ಅಂತ ಹಾಕಿದರೆ ದುಃಖ ಬಂತು. ದಣಿದಿದ್ದಳು ಅಂದರೆ ಆರಾಮ ಹೋಯಿತು. ‘ಉಸ್ಸಪ್ಪಾ’ದಲ್ಲಿ ದಣಿವೂ ಇದೆ, ಸದ್ಯ ಕೂತೆನಲ್ಲ ಅನ್ನುವ ಸುಖವೂ ಇದೆ. ಪದವನ್ನು ಹಾಗೇ ಉಳಿಸಿ, ಮುಂದಿನ ವಾಕ್ಯದಲ್ಲಿ ಅವಳು ಕಾಲು ನೀವಿಕೊಳ್ಳುವಂತಿದ್ದರೆ ಓದುಗರಿಗೆ ತಾನಾಗಿ ಅರ್ಥವಾಗುತ್ತದೆ. ಇಂಥ ಹತ್ತು ತೀರ್ಮಾನಗಳನ್ನು ಬರೆದಿಟ್ಟುಕೊಳ್ಳಿ. ಅನುವಾದಕರ ಟಿಪ್ಪಣಿ ಕೇಳುವ ಕಡೆಯೆಲ್ಲ ಅದೇ ಸಾಮಗ್ರಿ. ಒಂದು ಮಾತು: ಪ್ರಕಟಿಸುವ ಮುಂಚೆ ಲೇಖಕರ ಅಥವಾ ಅವರ ಮನೆಯವರ ಒಪ್ಪಿಗೆ ಪತ್ರ ಬೇಕೇ ಬೇಕು. ಬಾಯಿಮಾತು ನಡೆಯುವುದಿಲ್ಲ.

ಹೆಜ್ಜೆ 4: ಎಂ.ಎಫ್.ಎ. ಕನಸು

ಅಮೆರಿಕದಲ್ಲಿ ಬರವಣಿಗೆಗೇ ಎಂ.ಎಫ್.ಎ. ಅನ್ನುವ ಪದವಿ ಇದೆ. ಈ ಪದವಿ ಕೊಡುವ ಅಯೋವಾ ವಿಶ್ವವಿದ್ಯಾಲಯದ ‘ಬರಹಗಾರರ ಕಾರ್ಯಾಗಾರ’ 1936ರಷ್ಟು ಹಳೆಯದು. ಫೀಸು ನೋಡಿ ಹೆದರಬೇಡಿ, ಆದರೆ ಸಾಲ ಮಾಡಿ ಹೋಗಲೂ ಬೇಡಿ. ಫೀಸು ಮನ್ನಾ ಮಾಡಿ, ಪದವಿ ವಿದ್ಯಾರ್ಥಿಗಳಿಗೆ ಪಾಠ ಹೇಳಿಸಿ ಸಂಬಳ ಕೊಡುವ ಕೋರ್ಸುಗಳಿವೆ. ಅವುಗಳಿಗೆ ಮಾತ್ರ ಅರ್ಜಿ ಹಾಕಿ. ಕೊನೇ ದಿನ ಸಾಮಾನ್ಯವಾಗಿ ಡಿಸೆಂಬರ್ ಅಥವಾ ಜನವರಿಯಲ್ಲಿ. ಬರವಣಿಗೆಯ ಮಾದರಿಯೇ ಎಲ್ಲಕ್ಕಿಂತ ಮುಖ್ಯ. ಅಂಕಪಟ್ಟಿ ಆಮೇಲೆ.

ಶಿಫಾರಸು ಪತ್ರ ಮೂರು ಬೇಕು. ನಮ್ಮಲ್ಲಿ ಕೇಳಿದ ತಕ್ಷಣ ಬರುವ ಉತ್ತರ ಗೊತ್ತಲ್ವಾ: ‘ನೀನೇ ಬರ್ಕೊಂಡು ಬಾರಪ್ಪ, ಸೈನ್ ಹಾಕ್ತೀನಿ.’ ಅಲ್ಲಿ ಇದು ನಡೆಯುವುದಿಲ್ಲ. ಪತ್ರ ಹಾಕುವ ಲಿಂಕ್ ನೇರವಾಗಿ ಮೇಷ್ಟ್ರ ಇಮೇಲಿಗೆ ಬರುತ್ತದೆ. ಅದಕ್ಕೆ ಒಂದೂವರೆ ತಿಂಗಳ ಮುಂಚೆಯೇ ಹೋಗಿ ಕೇಳಿ. ಕೈಯಲ್ಲಿ ಒಂದು ಹಾಳೆ ಇರಲಿ. ಅವರ ಯಾವ ಕ್ಲಾಸಿನಲ್ಲಿ ಕೂತಿದ್ದಿರಿ, ಯಾವ ಸೆಮಿನಾರ್ ಮಾಡಿದಿರಿ, ಈಗ ಏನು ಬರೆಯುತ್ತಿದ್ದೀರಿ, ಅಷ್ಟೇ. ಪತ್ರ ಅವರೇ ಬರೆಯುತ್ತಾರೆ.

ಹೆಜ್ಜೆ 5: ಸೆಮಿನಾರು, ಉತ್ಸವ

ಪ್ರಬಂಧ ಕಳಿಸಿ ಅಂತ ವಿಚಾರ ಸಂಕಿರಣಗಳು ಕೊಡುವ ಕರೆಗಳಿಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ‘ಕಾಲ್ ಫಾರ್ ಪೇಪರ್ಸ್’ ತಾಣ ವಾರಕ್ಕೊಮ್ಮೆ ನೋಡಿ. 250 ಪದಗಳ ಸಾರಾಂಶ ಬರೆಯುವ ಅಭ್ಯಾಸ ಇದ್ದರೆ ಸಾಕು. ಆದರೆ ‘ಎರಡು ಸಾವಿರ ಕಟ್ಟಿ, ಮೂರು ದಿನದಲ್ಲಿ ಪ್ರಕಟಣೆ, ಜೊತೆಗೆ ಇ-ಸರ್ಟಿಫಿಕೇಟ್’ ಅನ್ನುವ ಮೆಸೇಜು ಬಂದರೆ ಸುಮ್ನೆ ಡಿಲೀಟ್ ಮಾಡಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿತ ಸಂಶೋಧನಾ ಪತ್ರಿಕೆಗಳ ತನ್ನ ‘ಕೇರ್’ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿದೆ. ಹಾಗಾಗಿ ಪತ್ರಿಕೆ ಅಸಲಿಯೋ ನಕಲಿಯೋ ಅಂತ ಈಗ ನಾವೇ ನೋಡಿಕೊಳ್ಳಬೇಕು. ಹಳೇ ಸಂಚಿಕೆ ತೆರೆದು ಎರಡು ಲೇಖನ ಓದಿದರೆ ಬಣ್ಣ ಬಯಲಾಗುತ್ತದೆ.

ಬೆಂಗಳೂರು ಸಾಹಿತ್ಯ ಉತ್ಸವ 2012ರಿಂದ ನಡೆಯುತ್ತಿದೆ, ಪ್ರವೇಶ ಉಚಿತ. ದೊಡ್ಡವರ ಜೊತೆ ಸೆಲ್ಫಿಗಿಂತ ಅನುವಾದದ ಗೋಷ್ಠಿಗೆ ಹೋಗಿ ಕೂತರೆ ಜಾಸ್ತಿ ಲಾಭ. ಅಲ್ಲಿ ಜನ ಕಡಿಮೆ, ಪ್ರಶ್ನೆ ಕೇಳಲು ಸಮಯ ಸಿಗುತ್ತದೆ.

ಕಳಿಸುವ ದಿನ

ಕೊನೇ ದಿನ ಅಂದರೆ ಯಾವ ಊರಿನ ರಾತ್ರಿ? ಲಂಡನ್‌ನ ಚಳಿಗಾಲದ ರಾತ್ರಿ 11:59 ಅಂದರೆ ನಮಗೆ ಮರುದಿನ ಬೆಳಿಗ್ಗೆ 5:29. ನ್ಯೂಯಾರ್ಕ್‌ನದ್ದಾದರೆ ಬೆಳಿಗ್ಗೆ 10:29. ಒಮ್ಮೆ ರಾತ್ರಿ ಕರೆಂಟ್ ಹೋಗಿ, ಎಲ್ಲಾ ಮುಗಿಯಿತು ಅಂತ ಅತ್ತು ಮಲಗಿದ್ದೆ. ಬೆಳಿಗ್ಗೆ ಎಂಟಕ್ಕೆ ಗೆಳತಿ ಫೋನ್ ಮಾಡಿ ಬೈದಳು: ‘ಇನ್ನೂ ಎರಡೂವರೆ ಗಂಟೆ ಇದೆ ಕಣೇ, ಏಳು!’ ಎದ್ದು ಕಳಿಸಿದೆ. ಈ ಸಲ ಪುಟಸಂಖ್ಯೆ ಪಕ್ಕವೂ ನೋಡಿಕೊಂಡೆ.