2.14 ಎಂದರೆ ಯಾವ ಹೊತ್ತು?

ಮೂಡಿಗೆರೆ ಕಡೆ ಕಾಫಿ ತೋಟಗಳ ನಡುವೆ ಫೈಬರ್ ಎಳೆದು ಮನೆಮನೆಗೆ ಇಂಟರ್ನೆಟ್ ಕೊಡುವುದು ನನ್ನ ಕಸುಬು. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹರಿಯುವುದೇ ದೊಡ್ಡ ತಲೆನೋವು ಅಂದುಕೊಂಡಿದ್ದೆ. ಒಂದು ದಿನ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 94ರ ಅಡಿ, ಅಂದರೆ ದಾಖಲೆ ಒದಗಿಸುವಂತೆ, ಪೊಲೀಸ್ ನೋಟಿಸ್ ಬಂತು. ಹುಡುಗಿಯೊಬ್ಬಳ ಫೋಟೊ ಹಾಕಿ ಯಾರೋ ನಕಲಿ ಖಾತೆ ತೆರೆದು ಹೊಲಸು ಬರೆದಿದ್ದರು. ನೋಟಿಸಿನಲ್ಲಿದ್ದದ್ದು ಒಂದು ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ತಾರೀಖು, ಸಮಯ 2.14. ಯಾರ ಮನೆ, ತಿಳಿಸಿ.

ಒಂದು ಐಪಿ ಅಂದರೆ ಒಂದು ಮನೆ ಅಲ್ಲ. ಐಪಿವಿ4 ಎಂಬ ಹಳೆಯ ಮಾದರಿಯ ವಿಳಾಸಗಳಿಗೆ ಬರ. ಹಾಗಾಗಿ ಹೊರಗಿನವರಿಗೆ ಕಾಣುವ ಒಂದು ಪಬ್ಲಿಕ್ ಐಪಿಯನ್ನು 32 ಮನೆಗೆ ಹಂಚುತ್ತೇನೆ. ಒಂದು ಐಪಿಗೆ 65,536 ಪೋರ್ಟ್, ಅಂದರೆ ಒಂದೊಂದು ಸಂಪರ್ಕವನ್ನು ಬೇರೆಬೇರೆ ಗುರುತಿಸುವ ನಂಬರ್. ಮೊದಲ 1,024 ಬಿಟ್ಟರೆ ಮನೆಗೆ 2,016ರ ಪಾಲು. ಯಾವ ಹೊತ್ತಿಗೆ ಯಾವ ಪಾಲು ಯಾರಲ್ಲಿತ್ತು ಎಂಬುದು ಲಾಗ್‌ನಲ್ಲಿ, ಅಂದರೆ ಯಂತ್ರ ಬರೆದಿಡುವ ದಾಖಲೆಯಲ್ಲಿ, ಇರುತ್ತದೆ. ಪೋರ್ಟ್ ನಂಬರ್ ಇಲ್ಲದಿದ್ದರೆ 32 ಹೆಸರು ಕೊಡಬಹುದಷ್ಟೆ ಎಂದು ಬರೆದೆ. ಕೆಲವು ದಿನಕ್ಕೆ ಪೋರ್ಟ್ ಬಂತು.

ಹುಡುಕಿದರೆ ನಿವೃತ್ತ ಮೇಷ್ಟ್ರೊಬ್ಬರ ಮನೆ. ಹೆಸರು, ವಿಳಾಸ ಟೈಪ್ ಮಾಡಿ ಸಹಿಯನ್ನೂ ಹಾಕಿಬಿಟ್ಟೆ. ಆದರೆ ಮನಸ್ಸು ಒಪ್ಪಲಿಲ್ಲ. ಆ ಮನೆಯಲ್ಲಿರುವುದು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ನೋಟಿಸ್ ಮತ್ತೆ ಓದಿದೆ. 2.14 ಅಂತಿತ್ತೇ ಹೊರತು ಯಾವ ಕಾಲಮಾನ ಅಂತಿರಲಿಲ್ಲ. ಇಂಥ ಖಾತೆಗಳನ್ನು ನಡೆಸುವ ವಿದೇಶಿ ಕಂಪನಿಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ ಸಮಯ ಕೊಡುತ್ತವೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕಂಪನಿಯ ಮೂಲ ಉತ್ತರ ನೋಡಿ ಹೇಳುವಂತೆ ತನಿಖಾಧಿಕಾರಿಯನ್ನು ಕೇಳಿಕೊಂಡೆ. ಯುಟಿಸಿಯೇ. ಅಂದರೆ ನಮಗೆ ಬೆಳಿಗ್ಗೆ 7.44. ಅಷ್ಟರಲ್ಲಿ ಆ ಪಾಲು ಒಂದು ಹೋಮ್‌ಸ್ಟೇಗೆ ಹೋಗಿತ್ತು. ಸಹಿ ಹಾಕಿದ್ದ ಕಾಗದ ಹರಿಯುವಾಗ ಕೈ ನಡುಗುತ್ತಿತ್ತು.

ಹೋಮ್‌ಸ್ಟೇಯವರು ವೈಫೈ ಪಾಸ್‌ವರ್ಡ್ ಗೋಡೆಗೇ ಅಂಟಿಸಿದ್ದರು. ಅಂದು ಯಾರು ತಂಗಿದ್ದರು, ಯಾರ ಫೋನು ಎಂದು ಹುಡುಕುವುದು ಪೊಲೀಸರ ಕೆಲಸ. ನನ್ನ ಲಾಗ್‌ನಲ್ಲಿ ಅದು ಸಿಗುವುದಿಲ್ಲ. ಬರೆದವರು ವಿಪಿಎನ್ (ನಿಜವಾದ ಐಪಿಯ ಬದಲು ತನ್ನ ಐಪಿ ತೋರಿಸುವ ಸೇವೆ) ಬಳಸಿದ್ದರೆ ನೋಟಿಸ್ ನನ್ನ ತನಕ ಬರುತ್ತಲೇ ಇರಲಿಲ್ಲ, ಮೊದಲು ವಿಪಿಎನ್ ಕಂಪನಿಗೆ ಹೋಗುತ್ತಿತ್ತು.

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಲಾಗ್‌ಗಳನ್ನು 180 ದಿನ ಇಡಬೇಕು, ಯಂತ್ರಗಳ ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯಕ್ಕೆ ಹೊಂದಿಸಬೇಕು ಎನ್ನುತ್ತದೆ. ಲಾಗ್ ಇಟ್ಟಿದ್ದೆ, ಗಡಿಯಾರದ ಕಡೆ ಅಷ್ಟು ಗಮನ ಕೊಟ್ಟಿರಲಿಲ್ಲ. ಈಗ ಪ್ರತಿ ಸೋಮವಾರ ನೋಡುತ್ತೇನೆ. ಬಾಯಿಮಾತಿನಲ್ಲಿ ಕೇಳಿದರೆ ಯಾರ ಹೆಸರನ್ನೂ ಹೇಳುವುದಿಲ್ಲ. ಲಿಖಿತ ಉತ್ತರ ಕೊಡುವಾಗ ಪೋರ್ಟ್ ಮತ್ತು ಕಾಲಮಾನ ನಮೂದಿಸಿ, ಕೊನೆಗೆ ಒಂದು ಸಾಲು ಸೇರಿಸುತ್ತೇನೆ: ಇದು ಸಂಪರ್ಕ ಪಡೆದವರ ಹೆಸರು, ಬಳಸಿದವರದ್ದೇ ಆಗಿರಬೇಕೆಂದಿಲ್ಲ.